ಬಟನ್ ಡಬ್ಬದ ಸರಾಸರಿ

ನಮ್ಮ ಶಾಲೆಯ ರಸಾಯನಶಾಸ್ತ್ರದ ಟೀಚರ್ ಕಳೆದ ಬುಧವಾರ ತೀರಿಕೊಂಡರು. ನಿವೃತ್ತರಾಗಿ ಕೆಲವು ವರ್ಷಗಳಾಗಿದ್ದವು. ಹೃದಯ ದುರ್ಬಲವಾಗಿತ್ತು, ಅದು ಎಲ್ಲರಿಗೂ ಗೊತ್ತಿತ್ತು, ಅವರಿಗೂ. ಸತ್ತಿದ್ದು ಮನೆಯಲ್ಲೂ ಅಲ್ಲ, ಆಸ್ಪತ್ರೆಯಲ್ಲೂ ಅಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ, ಒಂಬತ್ತನೇ ತರಗತಿಗೆ ಪಾಠ ಮಾಡಿ ಬಂದು ಕೂತ ಮೇಲೆ. ನೀರು ತರಲು ಹೋದ ಅವರ ತಂಗಿಯ ಮಗಳು ಲೋಟ ಹಿಡಿದು ವಾಪಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಿವೃತ್ತರಾದವರಿಗೆ ತರಗತಿಯಲ್ಲಿ ಏನು ಕೆಲಸ ಎಂದು ಅಂತಿಮ ದರ್ಶನಕ್ಕೆ ಬಂದವರೆಲ್ಲ ಕೇಳಿದರು. "ಡಾಕ್ಟ್ರು ಮೆಟ್ಟಿಲು ಹತ್ತಬೇಡಿ ಅಂದಿದ್ರಂತೆ. ಸುಮ್ನೆ ಮನೇಲಿ ಇರಬಾರದಿತ್ತಾ?" ಎಂದು ಒಂದಿಬ್ಬರು ಗೊಣಗಿದರು. ಸುಮ್ಮನಿರಲಾಗದ ಕಾರಣವೊಂದು ಅವರಿಗಿತ್ತು. ಅದನ್ನು ಹೇಳಬೇಕಾದರೆ ಒಂದು ಬಟನ್ ಡಬ್ಬದಿಂದ ಶುರು ಮಾಡಬೇಕು.

ಅವರು ಮದುವೆಯಾಗಲಿಲ್ಲ. ತಂಗಿ, ತಂಗಿಯ ಗಂಡನ ಜೊತೆ ಒಂದೇ ಮನೆಯಲ್ಲಿದ್ದರು. ತಂಗಿಯ ಗಂಡ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಮಿಷನ್ನಿನ ಸದ್ದು ನಿಂತರೆ ಒಳಗಿದ್ದವರಿಗೆ ಊಟದ ಹೊತ್ತಾಯಿತೆಂದು ಗೊತ್ತಾಗುತ್ತಿತ್ತು. ಶಾಲೆಯ ಸಮವಸ್ತ್ರವೆಲ್ಲ ಅಲ್ಲೇ ಹೊಲಿಯುತ್ತಿದ್ದುದರಿಂದ ಮನೆಯ ಮೂಲೆಮೂಲೆಯಲ್ಲೂ ನೀಲಿ ಕೋಟಿನ ಬಟ್ಟೆಯ ಚೂರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಟೀಚರ್ ಒಂದು ಸಂಜೆ ಆ ಚೂರುಗಳನ್ನು ಒಂದು ಚೀಲಕ್ಕೆ ತುಂಬಿಕೊಂಡು ಟೈಲರ್ ಮುಂದೆ ಕೂತರು.

"ನನಗೊಂದಿಷ್ಟು ಬಟನ್ ಬೇಕು. ಕೋಟಿಗೆ ಹಾಕ್ತೀರಲ್ಲ, ಬಟ್ಟೆ ಸುತ್ತಿದ್ದು, ಅಂಥವು. ನೋಡೋಕೆ ಎಲ್ಲ ಒಂದೇ ಥರ ಇರಬೇಕು. ಆದ್ರೆ ಕೆಲವಕ್ಕೆ ಒಳಗಡೆ ಪ್ಲಾಸ್ಟಿಕ್ ಇಡಿ, ಕೆಲವಕ್ಕೆ ಕಬ್ಬಿಣದ ಬಿಲ್ಲೆ ಇಡಿ."

"ಬಟನ್ ಆಯ್ತು ಅತ್ತಿಗೆ. ಕೋಟು ಎಲ್ಲಿ?"

"ಕೋಟಿಗಲ್ಲ. ಪಾಠಕ್ಕೆ."

"ಪಾಠಕ್ಕೆ ಬಟನ್ನಾ? ಮಕ್ಕಳ ಬಾಯಿಗೆ ಹಾಕೋಕಾ?"

"ನಿಮ್ಮ ಬಾಯಿಗೂ ಒಂದು ಎತ್ತಿಡ್ತೀನಿ. ಮೊದಲು ಮಾಡಿಕೊಡಿ."

ಟೈಲರ್ ನಗುನಗುತ್ತಲೇ ಮಾಡಿಕೊಟ್ಟರು. ಹಗುರದವು ಮೂರು ಪಾಲು, ಭಾರದವು ಒಂದು ಪಾಲು. ಹಗುರದ್ದು ಎರಡು ಗ್ರಾಂ, ಭಾರದ್ದು ನಾಲ್ಕು. ಎಲ್ಲವೂ ಒಂದೇ ನೀಲಿ, ಒಂದೇ ಗಾತ್ರ. ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬವೊಂದು ಭರ್ತಿಯಾಯಿತು.

ಒಂಬತ್ತನೇ ತರಗತಿಯ ಪುಸ್ತಕದಲ್ಲಿ ಸಮಸ್ಥಾನಿಗಳ ಪಾಠ ಅರ್ಧ ಪುಟದಷ್ಟಿತ್ತು. ಒಂದೇ ಧಾತುವಿನ ಪರಮಾಣುಗಳೇ ಆದರೂ ಕೆಲವು ಹಗುರ, ಕೆಲವು ಭಾರ. ಒಳಗಿನ ನ್ಯೂಟ್ರಾನ್‌ಗಳ ಸಂಖ್ಯೆ ಬೇರೆ, ಹೊರಗಿನ ನಡತೆ ಒಂದೇ. ಮಕ್ಕಳು ಇದನ್ನು ಗಿಳಿಯ ಹಾಗೆ ಒಪ್ಪಿಸುತ್ತಿದ್ದರು. ಪರೀಕ್ಷೆ ಮುಗಿದ ಮರುದಿನ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಬಟನ್ ಡಬ್ಬ ಬಂದ ಮೇಲೆ ಆ ಅರ್ಧ ಪುಟಕ್ಕಾಗಿ ಎಂಟನೇ ತರಗತಿಯವರೂ ಕಾಯತೊಡಗಿದರು.

"ಇದೊಂದು ಎಲಿಮೆಂಟು," ಎಂದು ಟೀಚರ್ ಡಬ್ಬವನ್ನು ಗಲಗಲ ಅಲ್ಲಾಡಿಸುತ್ತಿದ್ದರು. "ಹೆಸರು ಬಟನಿಯಂ. ಜಗತ್ತಿನಲ್ಲಿ ನಮ್ಮ ಶಾಲೇಲಿ ಮಾತ್ರ ಸಿಗುತ್ತೆ. ಕಣ್ಣಲ್ಲಿ ನೋಡಿ ಯಾವುದು ಭಾರ ಅಂತ ಹೇಳಿ ನೋಡೋಣ."

ಯಾರಿಗೂ ಹೇಳಲಾಗುತ್ತಿರಲಿಲ್ಲ. ಆಮೇಲೆ ಇಬ್ಬಿಬ್ಬರಿಗೆ ಒಂದೊಂದು ಕಪ್ಪಿನ ತುಂಬ ಬಟನ್. ಎಲ್ಲವನ್ನೂ ಒಟ್ಟಿಗೆ ತೂಗಿ, ಎಣಿಸಿ, ಭಾಗಿಸಿದರೆ ಒಂದು ಬಟನ್ನಿನ ಸರಾಸರಿ ತೂಕ ಸಿಗುತ್ತಿತ್ತು. ಅಲ್ಲಿಗೆ ಮಕ್ಕಳು ಪಾಠ ಮುಗಿಯಿತೆಂದುಕೊಳ್ಳುತ್ತಿದ್ದರು. ನಿಜವಾದ ಪಾಠ ಆಗ ಶುರುವಾಗುತ್ತಿತ್ತು.

"ಸರಾಸರಿ ಬಂತಲ್ಲ? ಈಗ ಅಷ್ಟೇ ತೂಕದ ಒಂದೇ ಒಂದು ಬಟನ್ ಹುಡುಕಿ ಕೊಡಿ. ಕೊಟ್ಟವರಿಗೆ ನನ್ನ ಕುರ್ಚಿ ಬಿಟ್ಟುಕೊಡ್ತೀನಿ."

ಮಕ್ಕಳು ಮುಗಿಬೀಳುತ್ತಿದ್ದರು. ಒಂದೊಂದೇ ಬಟನ್ ತೂಗುತ್ತಿದ್ದರು. ಎರಡು, ಎರಡು, ನಾಲ್ಕು, ಎರಡು. ಬೆವರು ಬರುವವರೆಗೆ ಹುಡುಕಿದರೂ ಎರಡೂವರೆಯ ಬಟನ್ ಸಿಗುತ್ತಿರಲಿಲ್ಲ. ಆಗ ಅವರು ಬೋರ್ಡಿನ ಮೇಲೆ ಕ್ಲೋರಿನ್ ಎಂದು ಬರೆಯುತ್ತಿದ್ದರು.

"ಪುಸ್ತಕದಲ್ಲಿ ಮೂವತ್ತೈದೂವರೆ ಅಂತಿದೆ. ಮೂವತ್ತೈದೂವರೆ ತೂಗೋ ಕ್ಲೋರಿನ್ ಪರಮಾಣುನ ಯಾರೂ ಕಂಡಿಲ್ಲ, ಕಾಣೋದೂ ಇಲ್ಲ. ಮೂವತ್ತೈದು ಇದೆ, ಮೂವತ್ತೇಳು ಇದೆ. ಆ ಅರ್ಧ ನಾವು ಲೆಕ್ಕ ಹಾಕಿ ತಂದಿದ್ದು. ಸರಾಸರಿ ಗುಂಪಿಗಿರುತ್ತೆ. ಒಂದೊಂದನ್ನ ಎತ್ತಿ ನೋಡಿದ್ರೆ ಯಾವುದಕ್ಕೂ ಇರಲ್ಲ."

ಇನ್ನೊಂದು ಮಾತು ಅವರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು: ತಕ್ಕಡಿ ಹೇಳಿದ್ದನ್ನ ಬರೀರಿ. ದಿನಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದರು. ಹಾಗಾಗಿ ಮಕ್ಕಳು ಅವರಿಗೆ ತಕ್ಕಡಿ ಮಿಸ್ ಎಂದು ಹೆಸರಿಟ್ಟರು. ಅದು ಅವರ ಕಿವಿಗೂ ಬಿದ್ದಿತ್ತು. ಬೇಜಾರಾಗಲಿಲ್ಲ, ಒಳಗೊಳಗೇ ಖುಷಿಪಟ್ಟರು.

ಆ ಡಬ್ಬವನ್ನು ಅವರು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಪೀರಿಯಡ್ ಮುಗಿದ ಮೇಲೆ ಕೊಟ್ಟ ಕಪ್ಪಿನಲ್ಲಿ ಒಂದು ಬಟನ್ ಕಡಿಮೆಯಾದರೂ ಬಾಗಿಲು ತೆಗೆಯುತ್ತಿರಲಿಲ್ಲ. ಬೆಂಚಿನ ಕೆಳಗೆ ತೆವಳಿಸಿ ಹುಡುಕಿಸುತ್ತಿದ್ದರು. ಲ್ಯಾಬಿನಲ್ಲಿ ಇಲಿ ಕಾಟ, ಬಟ್ಟೆ ಕಡಿಯುತ್ತವೆ ಎಂದು ಬೇಸಿಗೆ ರಜೆಯಲ್ಲಿ ಡಬ್ಬವನ್ನು ಮನೆಗೆ ತಂದು ಟೈಲರ್ ಅಂಗಡಿಯ ಅಟ್ಟದ ಮೇಲೆ ಇಡುತ್ತಿದ್ದರು. ಮೊದಲ ವರ್ಷ ಎಲ್ಲ ಬಟನ್‌ಗಳನ್ನೂ ತಾವೇ ತೂಗಿ ಸರಾಸರಿ ಎರಡೂವರೆ ಎಂದು ಖಾತ್ರಿ ಮಾಡಿಕೊಂಡಿದ್ದರು. ಇಷ್ಟು ಜೋಪಾನ ಮಾಡಿದ ಮೇಲೆ ಮತ್ತೆ ತೂಗುವುದೇನಿದೆ? ಎರಡೂವರೆ ಎಂಬುದು ಅವರ ತಲೆಯಲ್ಲಿ ಕೂತುಬಿಟ್ಟಿತು. ಮಕ್ಕಳ ತಲೆಯಲ್ಲೂ ಕೂತಿತು. ಹಿರಿಯ ತರಗತಿಯವರು ಕಿರಿಯರಿಗೆ ಅದನ್ನು ದಾಟಿಸುತ್ತಲೇ ಬಂದರು.

ತಂಗಿಯ ಮಗಳು ಒಂಬತ್ತನೇ ತರಗತಿಗೆ ಬಂದಳು. ಮನೆಯಲ್ಲಿ ದೊಡ್ಡಮ್ಮ, ಶಾಲೆಯಲ್ಲಿ ಮಿಸ್. ಗೇಟು ದಾಟುತ್ತಿದ್ದಂತೆ 'ನೀನು' ಹೋಗಿ 'ನೀವು' ಬರಬೇಕು ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದರು. ಮನೆಯ ಹುಡುಗಿಗೆ ವಿಶೇಷ ಸಲುಗೆ ಕೊಟ್ಟರೆಂದು ಯಾರೂ ಬೆರಳು ತೋರಿಸಬಾರದು ಎಂದು ಟೀಚರ್ ಅವಳ ಮೇಲೆ ಉಳಿದವರಿಗಿಂತ ಒಂದು ಹಿಡಿ ಜಾಸ್ತಿಯೇ ಬಿಗಿಯಾಗಿರುತ್ತಿದ್ದರು.

ಬಟನ್ ಪಾಠದ ದಿನ ಎಲ್ಲರೂ ಎರಡೂವರೆ ಬರೆದರು. ಅವಳು ಮಾತ್ರ ಎರಡು ಪಾಯಿಂಟ್ ಏಳು ಬರೆದಳು.

"ಸರಿಯಾಗಿ ಎಣಿಸಿಲ್ಲ ನೀನು. ಮತ್ತೆ ತೂಗು."

ಮತ್ತೆ ತೂಗಿದಳು. ಮತ್ತೆ ಅಷ್ಟೇ. ಬೇರೆ ಕಪ್ಪು ತುಂಬಿಸಿ ಮೂರನೇ ಸಲ ತೂಗಿಸಿದರು. ಏಳರ ಆಸುಪಾಸಿನಲ್ಲೇ ಬಂತು. ಅಷ್ಟು ಹೊತ್ತಿಗೆ ತರಗತಿಯಲ್ಲಿ ಗುಸುಗುಸು ಶುರುವಾಗಿತ್ತು. "ತಕ್ಕಡಿ ಮಿಸ್ ಮನೇಲೇ ತಕ್ಕಡಿ ಬರಲ್ವಂತೆ" ಎಂದು ಹಿಂದಿನ ಬೆಂಚಿನಿಂದ ಒಬ್ಬ ಅಂದ. ಹುಡುಗಿ ಕೆಂಪಾದಳು. ಒಪ್ಪಂದ ಮರೆತು, "ದೊಡ್ಡಮ್ಮ, ತಕ್ಕಡಿ ಹೇಳಿದ್ದನ್ನೇ ಅಲ್ವಾ ನಾನು ಬರೆದಿದ್ದು?" ಎಂದುಬಿಟ್ಟಳು.

ದೊಡ್ಡಮ್ಮ ಎಂಬ ಮಾತು ಕೇಳಿದ್ದೇ ತಡ, ಇಡೀ ತರಗತಿ ಹೋ ಎಂದು ನಕ್ಕಿತು. ಟೀಚರ್ ಮುಖ ಗಂಟಿಕ್ಕಿಕೊಂಡು, "ತಕ್ಕಡಿ ತಪ್ಪು ಹೇಳಲ್ಲ, ಕೈ ತಪ್ಪು ಮಾಡುತ್ತೆ" ಎಂದು ಅವಳ ಉತ್ತರದ ಮೇಲೆ ಕೆಂಪು ಗೀಟು ಎಳೆದು ಮುಂದಿನ ಬೆಂಚಿಗೆ ಹೋದರು.

ಆ ಸಂಜೆ ಮನೆಯಲ್ಲಿ ಎಲ್ಲ ಎಂದಿನಂತೆಯೇ ಇತ್ತು. ಹುಡುಗಿ ಊಟ ಮಾಡಿದಳು, ದೊಡ್ಡಮ್ಮನ ತಲೆಗೆ ಎಣ್ಣೆ ಹಚ್ಚಿದಳು. ಆದರೆ ಅಂದಿನಿಂದ ಮನೆಯಲ್ಲಿ ಪಾಠದ ಸುದ್ದಿ ಎತ್ತಲಿಲ್ಲ. ಮುಂದೆ ವಿಜ್ಞಾನ ತೆಗೆದುಕೊಳ್ಳುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಬೇರೆ ದಾರಿ ಹಿಡಿದಳು. ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಕಣ್ಣು ಪರೀಕ್ಷೆ ಮಾಡುವುದನ್ನು ಕಲಿತು, ಕೊನೆಗೆ ತನ್ನದೇ ಅಂಗಡಿ ತೆರೆದಳು. ಮದುವೆಯಾಗಿ ಎರಡು ಬೀದಿ ಆಚೆ ಮನೆ ಮಾಡಿದಳು. ದೊಡ್ಡಮ್ಮನ ಮಾತ್ರೆ, ಡಾಕ್ಟರು, ಎಲ್ಲ ಅವಳದೇ ಉಸ್ತುವಾರಿ. ಹೊರಗಿನವರು ನೋಡಿದರೆ ಹೊಟ್ಟೆಕಿಚ್ಚು ಪಡುವಷ್ಟು ಚೆನ್ನಾಗಿದ್ದರು ಇಬ್ಬರೂ.

ಟೀಚರ್ ನಿವೃತ್ತರಾದಾಗ ಡಬ್ಬವನ್ನು ಶಾಲೆಗೇ ಬಿಟ್ಟುಬಂದರು. ಅವರ ಜಾಗಕ್ಕೆ ಬಂದವನು ಅವರ ಹಳೆಯ ವಿದ್ಯಾರ್ಥಿಯೇ. ತಂಗಿಯ ಮಗಳಿಗಿಂತ ನಾಲ್ಕಾರು ವರ್ಷ ಚಿಕ್ಕವನು. ಕಳೆದ ತಿಂಗಳು ಅವನು ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ.

"ಮಿಸ್, ಒಂದು ತೊಂದರೆ. ಎರಡೂವರೆ ಬರ್ತಾ ಇಲ್ಲ."

"ನಿನ್ನ ಕೈ ಸರಿ ಇಲ್ಲ."

"ಅದನ್ನೇ ನಾನೂ ಅಂದ್ಕೊಂಡೆ. ಇಡೀ ಡಬ್ಬಾನೇ ತೂಗಿದೆ ಮಿಸ್. ಎರಡೂ ಮುಕ್ಕಾಲು ಬರ್ತಿದೆ."

ಟೀಚರ್ ನಂಬಲಿಲ್ಲ. ಅಡುಗೆಮನೆಯ ತಕ್ಕಡಿ ತರಿಸಿ, ನೆಲದ ಮೇಲೆ ಹಳೆ ಸೀರೆ ಹಾಸಿ, ಬಟನ್‌ಗಳನ್ನು ಸುರಿದುಕೊಂಡು ಕೂತರು. ಹೊಸ ಮೇಷ್ಟ್ರು ಎಣಿಸಿದ, ಅವರು ತೂಗಿದರು. ಎರಡೂ ಮುಕ್ಕಾಲೇ ಬಂತು. ಆಮೇಲೆ ಭಾರದ್ದನ್ನೂ ಹಗುರದ್ದನ್ನೂ ಬೇರೆ ಮಾಡಿದರು. ಭಾರದವು ಒಂದೂ ಕಡಿಮೆಯಿರಲಿಲ್ಲ. ಹಗುರದವು ಮಾತ್ರ ಹತ್ತಿರ ಹತ್ತಿರ ಅರ್ಧದಷ್ಟು ಮಾಯವಾಗಿದ್ದವು.

ಟೈಲರ್‌ಗೆ ಈಗ ಕೈ ನಡುಗುತ್ತದೆ, ಹೊಲಿಗೆ ನಿಂತಿದೆ. ಮೂಲೆಯ ಮಂಚದ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದವರು ನಿಧಾನವಾಗಿ ಗಂಟಲು ಸರಿಮಾಡಿಕೊಂಡರು.

"ಅತ್ತಿಗೆ, ಆ ಬಟನ್ನು... ಕೆಲವು ನಾನು ತಗೊಂಡಿದ್ದೆ."

"ನೀವಾ? ಯಾಕೆ?"

"ಶಾಲೆ ಬ್ಯಾಂಡಿಗೆ ಕೋಟು ಹೊಲಿದ್ನಲ್ಲ ಆವಾಗ. ನಾಳೆ ಕೊಡಬೇಕು, ಬಟನ್ ಸಾಲದು. ಅಟ್ಟದ ಮೇಲೆ ಡಬ್ಬ ತುಂಬ ಅದೇ ನೀಲಿ ಬಟನ್ ಕೂತಿತ್ತು. ನಾನೇ ಮಾಡಿದ್ದಲ್ವಾ, ಆಮೇಲೆ ಮಾಡಿ ಹಾಕಿದ್ರಾಯ್ತು ಅಂದ್ಕೊಂಡೆ. ಮರ್ತೇ ಹೋಯ್ತು."

"ಹಗುರದ್ದೇ ಯಾಕೆ ತಗೊಂಡ್ರಿ?"

"ಕಬ್ಬಿಣದ್ದು ಹಾಕಿದ್ರೆ ಕೋಟು ಜೋತು ಬೀಳುತ್ತಲ್ಲ ಅತ್ತಿಗೆ," ಎಂದರು ಟೈಲರ್, ಇಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ. "ಆಮೇಲೂ ಆಗೊಂದು ಈಗೊಂದು ತಗೊಂಡಿರಬೇಕು."

ಬ್ಯಾಂಡಿನ ಕೋಟು ಯಾವ ವರ್ಷದ್ದು ಎಂದು ಕೇಳುವ ಅಗತ್ಯವೇ ಇರಲಿಲ್ಲ. ತಂಗಿಯ ಮಗಳು ಆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದಳು, ಒಂಬತ್ತನೇ ತರಗತಿಗೆ ಕಾಲಿಟ್ಟ ಹೊಸದರಲ್ಲಿ.

ಟೀಚರ್ ಕೈಯಲ್ಲಿದ್ದ ಬಟನ್ ಸೀರೆಯ ಮೇಲೆ ಬಿತ್ತು. ಶಾಲೆಯಲ್ಲಿ ಒಂದು ಬಟನ್ನಿಗಾಗಿ ಮಕ್ಕಳನ್ನು ತೆವಳಿಸಿದ್ದರು. ಮನೆಯಲ್ಲೇ ಡಬ್ಬ ಬರಿದಾಗುತ್ತಿತ್ತು. ನಗು ಬರಬೇಕಾಗಿತ್ತು. ಬರಲಿಲ್ಲ. ಹೊಸ ಮೇಷ್ಟ್ರ ಕಡೆ ತಿರುಗಿ ಕೇಳಿದರು:

"ನೀನು ನನ್ನ ಕ್ಲಾಸಲ್ಲಿ ಎಷ್ಟು ಬರೆದಿದ್ದೆ?"

"ಎರಡೂವರೆ ಮಿಸ್."

"ತೂಗಿದ್ಯಾ?"

ಅವನು ತಲೆ ಕೆರೆದುಕೊಂಡ. "ತೂಗಿದ್ದೆ ಮಿಸ್. ಏನೋ ಬೇರೆ ಬಂದಿತ್ತು. ಎರಡೂವರೆ ಬರಬೇಕು ಅಂತ ಎಲ್ರಿಗೂ ಗೊತ್ತಿತ್ತಲ್ಲ, ಅದಕ್ಕೆ ಸ್ವಲ್ಪ ತಿದ್ದಿದೆ. ಎಲ್ರೂ ಹಂಗೇ ಮಾಡ್ತಿದ್ರು. ನಿಮಗೆ ಬೇಜಾರಾಗಬಾರದು ಅಂತ."

ಅವನು ಹೋದ ಮೇಲೆ ಟೀಚರ್ ಬಟನ್‌ಗಳ ನಡುವೆಯೇ ಕೂತಿದ್ದರು. ತಂಗಿ ಊಟಕ್ಕೆ ಕರೆದರೂ ಏಳಲಿಲ್ಲ. ತಪ್ಪು ಸಂಖ್ಯೆ ಅವರನ್ನು ಕಾಡಲಿಲ್ಲ, ಸಂಖ್ಯೆಯನ್ನು ತಿದ್ದಬಹುದು. ಕಾಡಿದ್ದು ಇನ್ನೊಂದು ವಿಷಯ. ಒಂದೊಂದು ಕಪ್ಪಿನಲ್ಲಿ ಒಂದೊಂದು ಥರ ಬಟನ್ ಬೀಳುತ್ತದೆ. ಸರಾಸರಿ ಸ್ವಲ್ಪ ಹೆಚ್ಚುಕಡಿಮೆ ಬರಲೇಬೇಕು. ಇಡೀ ತರಗತಿಗೆ ವರ್ಷ ವರ್ಷವೂ ಎರಡೂವರೆಯೇ ಬರುವುದು ಹೇಗೆ? ಅಷ್ಟು ಚೊಕ್ಕವಾಗಿ ಬಂದಾಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಅವರಿಗೆ ಬೇಕಾದದ್ದೇ ಬರುತ್ತಿತ್ತು. ತಕ್ಕಡಿ ಹೇಳಿದ್ದನ್ನು ಬರೆಯಿರಿ ಎಂದು ಬಾಯಲ್ಲಿ ಹೇಳುತ್ತ, ತಮ್ಮ ಮುಖ ನೋಡಿ ಬರೆಯುವುದನ್ನು ಇಡೀ ಶಾಲೆಗೆ ಕಲಿಸಿದ್ದರು. ಕಲಿಯದೆ ಉಳಿದವಳು ಒಬ್ಬಳೇ. ಅವಳ ಮೇಲೆ ಕೆಂಪು ಗೀಟು ಎಳೆದಿದ್ದರು.

ಅವಳಿಗೆ ಇದನ್ನು ಹೇಳದೆ ಸಾಯಬಾರದು ಎಂದು ಆಗ ನಿಶ್ಚಯಿಸಿದರು. ಡಾಕ್ಟರು ಹೇಳಿದ್ದು ಅವರಿಗೆ ನೆನಪಿತ್ತು. ಮುಂದೂಡುವಷ್ಟು ಸಮಯ ಇದೆಯೆಂಬ ಧೈರ್ಯ ಇರಲಿಲ್ಲ.

ಆದರೆ ಹೇಳುವುದು ಅಷ್ಟು ಸುಲಭವಾಗಲಿಲ್ಲ. ಮನೆಗೆ ಬಂದಾಗ ಹೇಳೋಣವೆಂದರೆ ಅವಳು ಮಾತ್ರೆ ತಗೊಂಡೆಯಾ, ನಿದ್ದೆ ಬಂತಾ ಎಂದು ಗಡಿಬಿಡಿ ಮಾಡಿ ಹೊರಟುಬಿಡುವಳು. ಕೊನೆಗೆ ಕನ್ನಡಕ ಮಂಜಾಗಿದೆ ಎಂಬ ನೆಪ ಹೂಡಿ ಅವಳ ಅಂಗಡಿಗೇ ಹೋದರು. ಗೋಡೆ ತುಂಬ ಖಾಲಿ ಫ್ರೇಮುಗಳು, ಒಳಗೆ ಪರದೆಯ ಹಿಂದೆ ಒಂದು ಕುರ್ಚಿ, ಎದುರಿಗೆ ಅಕ್ಷರಗಳ ಬೋರ್ಡು. ಅವಳು ಅವರ ಮೂಗಿನ ಮೇಲೆ ಗಾಜು ಬದಲಿಸುವ ಭಾರದ ಫ್ರೇಮು ಕೂರಿಸಿ, "ಓದು ದೊಡ್ಡಮ್ಮ" ಎಂದಳು.

ಅವರು ಮೇಲಿನಿಂದ ಕೆಳಗಿನ ತನಕ ಗಡಗಡ ಓದಿದರು. ಕೊನೆಯ ಸಾಲಿನ ಸಾಸಿವೆ ಕಾಳಿನಂಥ ಅಕ್ಷರಗಳನ್ನೂ ಬಿಡಲಿಲ್ಲ.

ಅವಳಿಗೆ ನಗು ಬಂತು. ಬೋರ್ಡನ್ನು ಬೇರೆ ಅಕ್ಷರಗಳಿದ್ದ ಹಿಂಬದಿಗೆ ತಿರುಗಿಸಿಟ್ಟಳು. "ಈಗ ಓದು."

ಮೂರನೇ ಸಾಲಿಗೆ ಟೀಚರ್ ತಡವರಿಸಿದರು.

"ಇಷ್ಟು ವರ್ಷ ಇಲ್ಲಿ ಬಂದು ಬಂದು ಆ ಕಡೆಯದನ್ನ ಬಾಯಿಪಾಠ ಮಾಡ್ಕೊಂಡಿದ್ದೀಯಲ್ಲ! ನಾನು ಏನು ನಂಬರ್ ಕೊಡಲಿ ನಿನಗೆ? ಗೊತ್ತಿರೋದು ಬೇಡ ದೊಡ್ಡಮ್ಮ. ಕಂಡಿದ್ದು ಹೇಳು."

ಟೀಚರ್ ಫ್ರೇಮು ಮೂಗಿನ ಮೇಲಿರುವಂತೆಯೇ ಕೇಳಿದರು:

"ಆವತ್ತು ನಿನಗೆ ಎಷ್ಟು ಬಂದಿತ್ತು?"

"ಯಾವತ್ತು?"

"ಬಟನ್ ತೂಗಿದ ದಿನ."

ಅವಳು ಗಾಜೊಂದನ್ನು ಒರೆಸುತ್ತಿದ್ದಳು. ಕೈ ನಿಲ್ಲಲಿಲ್ಲ. "ಎರಡು ಪಾಯಿಂಟ್ ಏಳು."

"ಅದೇ ಸರಿ."

"ಗೊತ್ತು."

"ನಿನಗೆ ಹೇಗೆ ಗೊತ್ತು?"

"ಮೂರು ಸಲ ತೂಗಿಸಿದ್ಯಲ್ಲ. ಮೂರು ಸಲಾನೂ ಅಷ್ಟೇ ಬಂತು."

ಟೀಚರ್ ಎಲ್ಲವನ್ನೂ ಹೇಳಿದರು. ಹೊಸ ಮೇಷ್ಟ್ರು ಬಂದಿದ್ದು, ಸೀರೆಯ ಮೇಲೆ ಸುರಿದು ಎಣಿಸಿದ್ದು, ಟೈಲರ್ ಒಪ್ಪಿಕೊಂಡಿದ್ದು. ಅಲ್ಲಿಗೆ ಬರುತ್ತಿದ್ದಂತೆ ಅವಳು ಕೌಂಟರಿಗೆ ಒರಗಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ಅಪ್ಪನಾ! ಅಯ್ಯೋ ದೇವರೇ. ಹಂಗಾದ್ರೆ ನಮ್ಮ ಬ್ಯಾಂಡಿನೋರೆಲ್ಲ ಬಟನಿಯಂ ಹಾಕ್ಕೊಂಡು ತುತ್ತೂರಿ ಊದಿದ್ರಾ? ನನ್ನ ಕೋಟಲ್ಲೂ ಅದೇ ಇತ್ತಾ?"

"ನಗಬೇಡ. ನನ್ನಿಂದ ನೀನು ಕೆಮಿಸ್ಟ್ರಿ ಬಿಟ್ಟೆ."

"ಇಲ್ಲಪ್ಪ. ನನಗೆ ಆ ಲ್ಯಾಬಿನ ವಾಸನೇನೇ ಆಗ್ತಿರಲಿಲ್ಲ. ತಲೆ ತಿರುಗೋದು. ನಿನಗೆ ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ ಹೇಳಲಿಲ್ಲ ಅಷ್ಟೆ."

ಟೀಚರ್‌ಗೆ ಎದೆಯ ಮೇಲಿನ ಭಾರ ಇಳಿದಂತಾಗಬೇಕಿತ್ತು. ಆದರೆ ಅವಳು ಒರೆಸಿದ ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತ ಇನ್ನೂ ಒಂದು ಮಾತು ಹೇಳಿದಳು, ಈ ಸಲ ನಗದೆ.

"ಗೀಟು ಎಳೆದೆ ಅಂತಾನೂ ನನಗೆ ಏನಿಲ್ಲ. ಅವರೆಲ್ಲ ನಗ್ತಿದ್ರು ದೊಡ್ಡಮ್ಮ. ಬೇರೆ ಯಾರನ್ನ ನೋಡಿ ನಕ್ಕಿದ್ರೂ ನೀನು ಮೇಜಿಗೆ ಬಡಿದು ಬಾಯಿ ಮುಚ್ಚಿಸ್ತಿದ್ದೆ. ಆವತ್ತು ಮಾತ್ರ ಸುಮ್ನೆ ಮುಂದಿನ ಬೆಂಚಿಗೆ ಹೋದೆ."

ಟೀಚರ್ ಮಟ್ಟಿಗೆ ಆ ದಿನದ ತಪ್ಪೆಂದರೆ ಒಂದು ಸಂಖ್ಯೆಯಾಗಿತ್ತು. ನಗುವನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ತರಗತಿಯಲ್ಲಿ ಕೂತವರೆಲ್ಲ ತಮಗೆ ಒಂದೇ ಎಂದು ಹೆಮ್ಮೆಪಟ್ಟುಕೊಳ್ಳುತ್ತಿದ್ದವರು, ಮನೆಯ ಹುಡುಗಿಗೆ ಉಳಿದವರಿಗೆ ಕೊಟ್ಟಷ್ಟನ್ನೂ ಕೊಡಲಿಲ್ಲ.

"ಗದ್ದ ಇಲ್ಲಿಡು," ಎಂದಳು ಅವಳು, ಫ್ರೇಮು ತೆಗೆದು ಕಣ್ಣು ನೋಡುವ ಯಂತ್ರದ ಕಡೆ ತೋರಿಸುತ್ತ. "ಅಲ್ಲಾಡಬೇಡ."

ಮಾರನೆಯ ದಿನ ಟೀಚರ್ ಹೊಸ ಮೇಷ್ಟ್ರಿಗೆ ಫೋನ್ ಮಾಡಿ ಒಂಬತ್ತನೇ ತರಗತಿಯ ಒಂದೇ ಒಂದು ಪೀರಿಯಡ್ ಕೇಳಿದರು. ಲ್ಯಾಬು ಮಹಡಿಯ ಮೇಲಿದೆ ಎಂದು ಅವನು ನೆನಪಿಸಿದ. "ಗೊತ್ತಪ್ಪ, ಅದನ್ನ ಅಲ್ಲೇ ಕಟ್ಟಿಸಿ ಅಂತ ಜಗಳ ಆಡಿದವಳೇ ನಾನು," ಎಂದರು. ತಂಗಿಯ ಮಗಳು ಮೊದಲು ರೇಗಿದಳು. ಆಮೇಲೆ ಅಂಗಡಿಗೆ ಅರ್ಧ ದಿನ ರಜೆ ಹಾಕಿ ತಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದಳು.

"ಒಂದು ಷರತ್ತು. ಅಲ್ಲಿ ನನ್ನ ಹೆಸರು ಎತ್ತಬೇಡ."

"ಎತ್ತಲ್ಲ."

"ನನ್ನ ಕಡೆ ನೋಡೋದೂ ಬೇಡ."

"ಬೋರ್ಡ್ ನೋಡ್ಕೊಂಡೇ ಮಾತಾಡ್ತೀನಿ ಬಿಡು."

ಮೆಟ್ಟಿಲಿನ ಮಧ್ಯೆ ಮಧ್ಯೆ ನಿಂತು, ಕಂಬಿ ಹಿಡಿದು, ಅವಳ ಭುಜಕ್ಕೆ ಒರಗಿ ಮೇಲೆ ಹತ್ತಿದರು. ತರಗತಿಯೊಳಗೆ ಕಾಲಿಟ್ಟ ಮೇಲೆ ಮಾತ್ರ ಯಾರ ಆಸರೆಯೂ ಬೇಕಾಗಲಿಲ್ಲ. ಅವಳು ಹಿಂದಿನ ಬೆಂಚಿನಲ್ಲಿ, ಹೊಸ ಮೇಷ್ಟ್ರ ಪಕ್ಕ ಕೂತಳು.

ಟೀಚರ್ ಡಬ್ಬ ಅಲ್ಲಾಡಿಸಿದರು, ಬಟನಿಯಂ ಎಂದರು, ಮಕ್ಕಳು ನಕ್ಕರು. ಎಲ್ಲ ಹಳೆಯ ಹಾಗೆಯೇ. ಆಮೇಲೆ ಡಬ್ಬವನ್ನು ಕೆಳಗಿಟ್ಟರು.

"ಎರಡೂವರೆ ಬರುತ್ತೆ ಅಂತ ಅಕ್ಕಂದಿರು ಅಣ್ಣಂದಿರು ನಿಮಗೆ ಹೇಳಿರಬೇಕು. ಅದನ್ನ ಮರೆತುಬಿಡಿ. ಡಬ್ಬದಲ್ಲಿ ಇರೋ ಪಾಲು ಬದಲಾದ್ರೆ ಸರಾಸರಿನೂ ಬದಲಾಗುತ್ತೆ. ಇದು ಬದಲಾಗಿತ್ತು, ನನಗೆ ಗೊತ್ತಿರಲಿಲ್ಲ. ಈ ಲ್ಯಾಬಿನಲ್ಲಿ ಒಬ್ಬ ಹುಡುಗಿ ತೂಗಿ ಸರಿಯಾಗಿ ಹೇಳಿದ್ಲು. ನಾನು ನಂಬಲಿಲ್ಲ. ಅವಳನ್ನ ನೋಡಿ ಎಲ್ರೂ ನಕ್ಕಾಗ ಸುಮ್ನೆ ಇದ್ದೆ. ಎರಡೂ ತಪ್ಪು, ಎರಡೂ ನನ್ನದೇ. ಸರಿ, ಕಪ್ಪು ತಗೊಳ್ಳಿ."

ಹಿಂದಿನ ಬೆಂಚಿನಲ್ಲಿ ತಂಗಿಯ ಮಗಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಮಕ್ಕಳು ತೂಗಿದರು. ಟೀಚರ್ ಯಾರ ಉತ್ತರವನ್ನೂ ಸರಿ ತಪ್ಪು ಎನ್ನಲಿಲ್ಲ. ಅವರವರು ಹೇಳಿದ್ದನ್ನು ಬೋರ್ಡಿನ ಮೇಲೆ ಬರೆಯುತ್ತ ಹೋದರು. ಎರಡು ಪಾಯಿಂಟ್ ಆರು. ಎಂಟು. ಏಳು. ಮತ್ತೆ ಎಂಟು. ಕೊನೆಯ ಮೇಜಿನಲ್ಲಿ ಒಬ್ಬಳೇ ಕೂತಿದ್ದ ಹುಡುಗಿಯ ಸರದಿ ಬಂತು. ಅವಳ ಜೊತೆಗಾತಿ ಆ ದಿನ ರಜೆ.

"ಐದು ಮಿಸ್," ಎಂದಳು ಸಣ್ಣ ದನಿಯಲ್ಲಿ.

"ಐದಾ?" ಮುಂದಿನ ಬೆಂಚಿನ ಹುಡುಗ ಹಿಂದೆ ತಿರುಗಿದ. "ಭಾರದ ಬಟನ್ನೇ ನಾಲ್ಕು ಇರೋದು, ಸರಾಸರಿ ಐದು ಹೆಂಗೆ ಬರುತ್ತೆ? ಹೊಸ ಎಲಿಮೆಂಟ್ ಕಂಡುಹಿಡಿದ್ಲು ಕಣ್ರೋ!"

ತರಗತಿ ಹೋ ಎಂದಿತು. ಟೀಚರ್ ಅಂಗೈಯಿಂದ ಮೇಜಿಗೆ ಬಡಿದರು. ಮೇಜಿನ ಮೇಲಿದ್ದ ಗಾಜಿನ ನಳಿಗೆಗಳು ಗಣಗಣ ಅಂದವು. ನಗು ನಿಂತಿತು.

"ನಿನ್ನ ಪ್ರಶ್ನೆ ಒಳ್ಳೇದು," ಎಂದರು ಆ ಹುಡುಗನಿಗೆ. "ನಗು ಬೇಕಿರಲಿಲ್ಲ."

ಸಾಲುಗಳ ನಡುವೆ ನಿಧಾನವಾಗಿ ನಡೆದು ಹೋಗಿ, ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತರು. "ಹೇಗೆ ತೂಗಿದೆ ತೋರಿಸು."

ಅವಳು ತಲೆ ಎತ್ತದೆ ತೋರಿಸಿದಳು. ಬಟನ್‌ಗಳನ್ನು ಸ್ಟೀಲಿನ ಬಟ್ಟಲಿಗೆ ಹಾಕಿ ಬಟ್ಟಲು ಸಮೇತ ತಕ್ಕಡಿಗೆ ಇಟ್ಟಿದ್ದಳು. ತೋರಿಸುತ್ತಿದ್ದಂತೆ ಅವಳಿಗೇ ಹೊಳೆಯಿತು. ನಾಲಿಗೆ ಕಚ್ಚಿಕೊಂಡಳು, ಕಣ್ಣು ತುಂಬಿತು.

"ಏನಾಯ್ತೀಗ? ತಕ್ಕಡಿ ಹೇಳಿದ್ದನ್ನೇ ನೀನು ಬರೆದಿದ್ದೀಯ. ಬಟ್ಟಲಿನ ವಿಷಯ ತಕ್ಕಡಿಗೇನು ಗೊತ್ತು?" ಎಂದರು ಟೀಚರ್, ಎಲ್ಲರಿಗೂ ಕೇಳುವ ಹಾಗೆ. "ಬಟ್ಟಲನ್ನ ಬೇರೆ ತೂಗು. ನಾವು ಕಾಯ್ತೀವಿ."

ಹುಡುಗಿ ಬಟ್ಟಲು ತೂಗಿ ಕಳೆದಳು, ಬಟನ್‌ಗಳನ್ನು ಮತ್ತೆ ಎಣಿಸಿದಳು, ಭಾಗಿಸಿದಳು. ಅಷ್ಟು ಹೊತ್ತೂ ಟೀಚರ್ ತಕ್ಕಡಿಯ ಮುಳ್ಳಿನ ಕಡೆ ಕಣ್ಣು ಹಾಯಿಸಲಿಲ್ಲ, ಅವಳ ಲೆಕ್ಕದ ಕಡೆಗೂ ಬಗ್ಗಲಿಲ್ಲ. ಮೊಣಕೈಯನ್ನು ಮೇಜಿಗೆ ಊರಿಕೊಂಡು ಅವಳ ಮುಖ ನೋಡುತ್ತ ಕೂತಿದ್ದರು.

ಹುಡುಗಿ ಬೋರ್ಡಿನ ಮೇಲಿದ್ದ ಸಂಖ್ಯೆಗಳನ್ನು ಒಮ್ಮೆ ನೋಡಿದಳು, ತನ್ನದನ್ನು ಒಮ್ಮೆ ನೋಡಿದಳು. "ಎರಡು ಪಾಯಿಂಟ್ ಒಂಬತ್ತು ಬಂತು ಮಿಸ್. ಎಲ್ರಿಗಿಂತ ಜಾಸ್ತಿ ಇದೆ. ಎಂಟು ಅಂತ ಹೇಳಲಾ?"

"ಬಂದಿದ್ದು ಎಷ್ಟು?"

"ಒಂಬತ್ತು."

ಟೀಚರ್ ಮೇಜು ಹಿಡಿದು ಎದ್ದರು. ಬೋರ್ಡಿನ ತನಕ ನಡೆದು ಹೋಗಿ, ಚಾಕ್ ತೆಗೆದುಕೊಂಡು, ಉಳಿದವುಗಳ ಕೆಳಗೆ ಅವಳು ಹೇಳಿದಷ್ಟನ್ನೇ ಬರೆದರು.